ನೂರು ಡಿಗ್ರಿಯಲ್ಲಿ ಸಿದ್ಧವಾಗುವ ಲೇಸರ್: ಪೆರೊವ್‌ಸ್ಕೈಟ್ ತೆಳುಪದರದ ಲಾಭನಷ್ಟ

ಲೇಸರ್ ಎಂಬ ಪದವು ಇಂದು ವ್ಯಾಪಾರಸ್ಥರಿಗಾಗಲಿ ಸಣ್ಣ ಉದ್ದಿಮೆದಾರರಿಗಾಗಲಿ ಹೊಸದಲ್ಲ. ಅಂಗಡಿಯ ಗಲ್ಲೆಯ ಬಳಿ ಬಾರ್‌ಕೋಡ್ ಓದುವ ಸಾಧನದಿಂದ ಹಿಡಿದು ಪೀಣ್ಯದ ಶೆಡ್ಡುಗಳಲ್ಲಿ ಉಕ್ಕಿನ ತಗಡನ್ನು ಕತ್ತರಿಸುವ ಯಂತ್ರದವರೆಗೆ, ಬೇರಿಂಗಿನ ಮೇಲೆ ತಯಾರಕರ ಗುರುತು ಮೂಡಿಸುವ ಉಪಕರಣದಿಂದ ಹಿಡಿದು ದೂರವಾಣಿಯ ಗಾಜಿನ ಎಳೆಯವರೆಗೆ ಅದರ ಬಳಕೆ ವ್ಯಾಪಿಸಿದೆ. ತಗಡು ಕತ್ತರಿಸುವ ಫೈಬರ್ ಲೇಸರಿಗೂ ಮೂಲಶಕ್ತಿಯನ್ನು ಒದಗಿಸುವುದು ಒಳಗೆ ಸಾಲಾಗಿ ಕುಳಿತಿರುವ ಸಣ್ಣ ಲೇಸರ್ ಡಯೋಡುಗಳೇ. ಅಕ್ಕಿಕಾಳಿಗಿಂತ ಚಿಕ್ಕದಾದ ಈ ಡಯೋಡಿನ ತಯಾರಿಕೆ ಮಾತ್ರ ಸಣ್ಣ ಬಂಡವಾಳದ ಕೆಲಸವಲ್ಲ.

ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಪದರಗಳನ್ನು 600ರಿಂದ 750 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ, ವಿಷಾನಿಲಗಳನ್ನು ಹಾಯಿಸುವ ಭದ್ರ ಕೋಷ್ಠಗಳಲ್ಲಿ, ಒಂದರ ಮೇಲೊಂದರಂತೆ ಬೆಳೆಸಬೇಕಾಗುತ್ತದೆ. ನೀಲಿ ಲೇಸರಿಗೆ ಬೇಕಾದ ಗ್ಯಾಲಿಯಂ ನೈಟ್ರೈಡ್ 1,000 ಡಿಗ್ರಿಗೂ ಮಿಗಿಲಾದ ಉಷ್ಣತೆಯನ್ನು ಬಯಸುತ್ತದೆ. ಇಂತಹ ಪರಿಸ್ಥಿತಿಯಲ್ಲಿ, ಎರಡು ಬಗೆಯ ಪುಡಿಗಳನ್ನು ದ್ರಾವಕದಲ್ಲಿ ಕರಗಿಸಿ, ಗಾಜಿನ ತುಂಡಿನ ಮೇಲೆ ಸವರಿ, 100 ಡಿಗ್ರಿಯ ಬಿಸಿ ಫಲಕದ ಮೇಲೆ ಹತ್ತು ನಿಮಿಷ ಇರಿಸಿದರೆ ಲೇಸರ್ ನೀಡಬಲ್ಲ ವಸ್ತು ಸಿದ್ಧವಾಗುತ್ತದೆ ಎಂಬ ವಾರ್ತೆಯು ಉದ್ದಿಮೆದಾರರ ಕಿವಿ ನಿಮಿರಿಸುವುದು ಸಹಜ. ಈ ವಾರ್ತೆ ಸುಳ್ಳಲ್ಲ. ಆದರೆ ಕರಾರುಪತ್ರದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಷರತ್ತುಗಳಂತೆ ಇದಕ್ಕೂ ಕೆಲವು ಷರತ್ತುಗಳಿವೆ. ಅವುಗಳಲ್ಲಿ ಮೊದಲನೆಯದೂ ಮುಖ್ಯವಾದುದೂ ಉಷ್ಣತೆಗೆ ಸಂಬಂಧಿಸಿದ್ದು.

ಹೆಸರು ಹಳೆಯದು, ಸರಕು ಹೊಸದು

1839ರಲ್ಲಿ ಜರ್ಮನಿಯ ಖನಿಜಶಾಸ್ತ್ರಜ್ಞ ಗುಸ್ತಾವ್ ರೋಸ್ ರಷ್ಯದ ಉರಲ್ ಪರ್ವತಗಳಿಂದ ಬಂದ ಒಂದು ಖನಿಜವನ್ನು ಗುರುತಿಸಿ, ಅದಕ್ಕೆ ರಷ್ಯದ ಲೆವ್ ಪೆರೊವ್‌ಸ್ಕಿಯವರ ಹೆಸರನ್ನಿಟ್ಟರು. ಅದು ಕ್ಯಾಲ್ಸಿಯಂ ಟೈಟನೇಟ್. ಅದರ ಪರಮಾಣುಗಳು ಜೋಡಣೆಗೊಂಡಿರುವ ಕ್ರಮವನ್ನೇ ಅನುಸರಿಸುವ ಎಲ್ಲ ವಸ್ತುಗಳನ್ನೂ ಈಗ ಪೆರೊವ್‌ಸ್ಕೈಟ್ ಎಂದು ಕರೆಯುವುದು ರೂಢಿ. ಬೆಂಗಳೂರಿಗೆ ಈ ಹೆಸರು ಅಪರಿಚಿತವಲ್ಲ. ಭಾರತರತ್ನ ಪ್ರೊ. ಸಿ.ಎನ್.ಆರ್. ರಾವ್ ಅವರು ಇದೇ ವಿನ್ಯಾಸದ ಆಕ್ಸೈಡುಗಳ ಮೇಲೆ ದಶಕಗಳ ಕಾಲ ಸಂಶೋಧನೆ ನಡೆಸಿದ್ದಾರೆ. ಲೇಸರಿಗೆ ಬಳಸುವ ಪೆರೊವ್‌ಸ್ಕೈಟ್ ಆಕ್ಸೈಡ್ ಅಲ್ಲ. ಅದರಲ್ಲಿ ಸೀಸವಿದೆ, ಅಯೊಡಿನ್ ಅಥವಾ ಬ್ರೋಮಿನ್ ಇದೆ, ಇವುಗಳೊಡನೆ ಮೀಥೈಲ್ ಅಮೋನಿಯಂ, ಫಾರ್ಮಮಿಡಿನಿಯಂ ಅಥವಾ ಸೀಸಿಯಂ ಇರುತ್ತದೆ. 2009ರಲ್ಲಿ ಜಪಾನಿನ ತ್ಸುತೋಮು ಮಿಯಾಸಾಕ ಅವರ ತಂಡವು ಈ ವಸ್ತುವಿನಿಂದ ಸೌರಕೋಶವನ್ನು ತಯಾರಿಸಿದಾಗ ಅದರ ದಕ್ಷತೆ ಕೇವಲ ಶೇಕಡಾ 3.8 ಇತ್ತು. ಇಂದು ಪ್ರಯೋಗಾಲಯಗಳಲ್ಲಿ ಅದು ಶೇಕಡಾ 26ನ್ನು ದಾಟಿದೆ. ಸೂರ್ಯನ ಬೆಳಕನ್ನು ಚೆನ್ನಾಗಿ ಹೀರುವ ವಸ್ತುವು ಬೆಳಕನ್ನು ಚೆನ್ನಾಗಿ ಹೊರಸೂಸಲೂಬಲ್ಲದು ಎಂಬ ತತ್ತ್ವವನ್ನು ಹಿಡಿದು ವಿಜ್ಞಾನಿಗಳು ಲೇಸರಿನ ಕಡೆ ತಿರುಗಿದರು.

2014ರಲ್ಲಿ ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು, ಕಡಿಮೆ ಉಷ್ಣತೆಯಲ್ಲಿ ದ್ರಾವಣದಿಂದ ತಯಾರಿಸಿದ ಪದರವು ಬೆಳಕನ್ನು ವರ್ಧಿಸಬಲ್ಲದೆಂದೂ, ಅಯೊಡಿನ್, ಬ್ರೋಮಿನ್, ಕ್ಲೋರಿನ್‌ಗಳ ಪ್ರಮಾಣವನ್ನು ಬದಲಿಸುತ್ತ ಹೋದರೆ 390ರಿಂದ 790 ನ್ಯಾನೋಮೀಟರ್‌ವರೆಗೆ, ಅಂದರೆ ನೇರಳೆಯಿಂದ ಕಡುಗೆಂಪಿನವರೆಗೆ, ಬಯಸಿದ ಬಣ್ಣವನ್ನು ಪಡೆಯಬಹುದೆಂದೂ ತೋರಿಸಿಕೊಟ್ಟರು. ಅದೇ ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇದೇ ಬಗೆಯ ಪದರವನ್ನು ಎರಡು ಕನ್ನಡಿಗಳ ನಡುವೆ ಇರಿಸಿ ಲೇಸರ್ ಕಿರಣವನ್ನು ಹೊರಡಿಸಲಾಯಿತು. ಬಟ್ಟೆಗೆ ಬಣ್ಣ ಹಾಕುವವರು ಪುಡಿ ಬೆರೆಸಿದಂತೆ ಲೇಸರಿನ ಬಣ್ಣವನ್ನು ಬೆರೆಸಿಕೊಳ್ಳಬಹುದಾದ ಅನುಕೂಲ ಹಳೆಯ ಡಯೋಡುಗಳಲ್ಲಿ ಇರಲಿಲ್ಲ.

ತಯಾರಿಕೆಯ ಕ್ರಮ

ಹೆಚ್ಚು ಪ್ರಚಾರದಲ್ಲಿರುವ ಮೀಥೈಲ್ ಅಮೋನಿಯಂ ಲೆಡ್ ಅಯೊಡೈಡ್ ಪದರದ ತಯಾರಿಕೆಯನ್ನು ನೋಡೋಣ. ಲೆಡ್ ಅಯೊಡೈಡ್ ಹಾಗೂ ಮೀಥೈಲ್ ಅಮೋನಿಯಂ ಅಯೊಡೈಡ್ ಪುಡಿಗಳನ್ನು ಡೈಮೀಥೈಲ್ ಫಾರ್ಮಮೈಡ್ ಮುಂತಾದ ದ್ರಾವಕದಲ್ಲಿ ಕರಗಿಸಲಾಗುತ್ತದೆ. ತೊಳೆದು ಶುಚಿಗೊಳಿಸಿದ ಗಾಜಿನ ಮೇಲೆ ಈ ದ್ರಾವಣದ ಕೆಲವು ಹನಿಗಳನ್ನು ಹಾಕಿ, ಗಾಜನ್ನು ನಿಮಿಷಕ್ಕೆ ಸಾವಿರಾರು ಸುತ್ತುಗಳ ವೇಗದಲ್ಲಿ ತಿರುಗಿಸಲಾಗುತ್ತದೆ. ದ್ರಾವಣದ ಬಹುಪಾಲು ಹೊರಕ್ಕೆ ಸಿಡಿದು, ತೆಳುವಾದ ಒಂದು ಲೇಪ ಮಾತ್ರ ಉಳಿಯುತ್ತದೆ. ಸುತ್ತುತ್ತಿರುವಾಗಲೇ, ಎಣಿಸಿಟ್ಟ ಕ್ಷಣದಲ್ಲಿ, ಟಾಲ್ಯುಯೀನ್ ಅಥವಾ ಕ್ಲೋರೊಬೆಂಜೀನ್‌ನಂತಹ ಇನ್ನೊಂದು ದ್ರವವನ್ನು ಅದರ ಮೇಲೆ ಸುರಿಯಬೇಕು. ಈ ಎರಡನೆಯ ದ್ರವದಲ್ಲಿ ಪೆರೊವ್‌ಸ್ಕೈಟ್ ಕರಗದು. ಆದ್ದರಿಂದ ಒಮ್ಮೆಗೇ ಅಸಂಖ್ಯ ಸೂಕ್ಷ್ಮ ಹರಳುಗಳು ಮೂಡಿ ಪದರವು ಒತ್ತಾಗಿ ಕೂಡಿಕೊಳ್ಳುತ್ತದೆ. ಬಳಿಕ 100 ಡಿಗ್ರಿಯ ಬಿಸಿ ಫಲಕದ ಮೇಲೆ ಇಟ್ಟಾಗ ಪದರವು ಕಡುಕಂದು ಬಣ್ಣಕ್ಕೆ ತಿರುಗುತ್ತದೆ.

ಸಕ್ಕರೆ ಪಾಕದ ಎಳೆಯನ್ನು ಬೆರಳಲ್ಲಿ ನೋಡಿ ಒಲೆಯಿಂದ ಇಳಿಸುವ ಅಡುಗೆಯವನ ಹದಜ್ಞಾನಕ್ಕೂ ಈ ಕೆಲಸಕ್ಕೂ ಬಹಳ ಅಂತರವಿಲ್ಲ. ಎರಡನೆಯ ದ್ರವವನ್ನು ಸುರಿಯುವುದು ಕೆಲವು ಸೆಕೆಂಡು ಮೊದಲಾದರೂ ತಡವಾದರೂ ಪದರದಲ್ಲಿ ರಂಧ್ರಗಳು ಉಳಿಯುತ್ತವೆ. ಗಾಳಿಯ ತೇವ ಹೆಚ್ಚಿದರೂ ಹದ ಕೆಡುತ್ತದೆ. ಆ ಕಾರಣದಿಂದ ಕೆಲಸವನ್ನು ಸಾಮಾನ್ಯವಾಗಿ ಸಾರಜನಕ ತುಂಬಿದ, ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆಯೊಳಗೆ ನಡೆಸಲಾಗುತ್ತದೆ. ಬಿಸಿ ಫಲಕದ ಬೆಲೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಈ ಪೆಟ್ಟಿಗೆಯ ಬೆಲೆಯನ್ನು ಬಿಟ್ಟುಬಿಡುವ ಯೋಜನಾ ವರದಿಯನ್ನು ಯಾವ ಬ್ಯಾಂಕಿನ ವ್ಯವಸ್ಥಾಪಕರೂ ಒಪ್ಪಲಾರರು.

ಸೌರಕೋಶಕ್ಕೆ ಇಷ್ಟು ಸಾಕು. ಲೇಸರಿಗೆ ಸಾಲದು. ಲೇಸರ್ ಪದರದಲ್ಲಿ ಬೆಳಕು ಅಡ್ಡಲಾಗಿ ಮತ್ತೆ ಮತ್ತೆ ಓಡಾಡಿ ಬಲಗೊಳ್ಳಬೇಕು. ಪದರದ ಮೇಲ್ಮೈ ಒರಟಾಗಿದ್ದರೆ ಪ್ರತಿ ಓಟದಲ್ಲಿಯೂ ಬೆಳಕು ಚದುರಿ ಸೋರಿಹೋಗುತ್ತದೆ. ಇದಕ್ಕಾಗಿ ಜರ್ಮನಿಯ ವುಪ್ಪರ್ಟಾಲ್ ವಿಶ್ವವಿದ್ಯಾಲಯದ ತಂಡವೊಂದು ಪದರವನ್ನು ನುಣುಪಾದ ಅಚ್ಚಿನಿಂದ ಬಿಸಿಯಾಗಿ ಒತ್ತುವ ವಿಧಾನವನ್ನು ಅನುಸರಿಸಿತು. ಇಸ್ತ್ರಿ ಮಾಡಿದ ಬಟ್ಟೆಯಂತೆ ಪದರವು ನುಣುಪಾಗುವುದಷ್ಟೇ ಅಲ್ಲದೆ ಹರಳುಗಳೂ ದೊಡ್ಡವಾಗುತ್ತವೆ. ಅಚ್ಚಿನ ಮೇಲೆ ಗೆರೆಗಳಿದ್ದರೆ ಆ ಗೆರೆಗಳೂ ಪದರದಲ್ಲಿ ಮೂಡುತ್ತವೆ. ಕೆಲವೇ ನೂರು ನ್ಯಾನೋಮೀಟರ್ ಅಂತರದ ಈ ಗೆರೆಗಳು ಕನ್ನಡಿಯ ಕೆಲಸವನ್ನು ನಿರ್ವಹಿಸಿ ಬೆಳಕನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತವೆ. 2019ರಲ್ಲಿ ಇದೇ ತಂಡವು ಒತ್ತಿ ಮರುಹರಳುಗೊಳಿಸಿದ ಸೀಸಿಯಂ ಲೆಡ್ ಬ್ರೋಮೈಡ್ ಪದರದಿಂದ ಕೋಣೆಯ ಉಷ್ಣತೆಯಲ್ಲಿಯೇ ಲೇಸರ್ ಪಡೆದುದನ್ನು ಪ್ರಕಟಿಸಿತು. ಇಲ್ಲಿಗೆ ಬರುವಷ್ಟರಲ್ಲಿ ಕೆಲಸವು ಅಡುಗೆಮನೆಯ ಮಟ್ಟವನ್ನು ದಾಟಿ ಅಚ್ಚು ತಯಾರಕರ ಮಟ್ಟಕ್ಕೆ ಏರಿರುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು.

ಬಡ್ಡಿ ತೀರಿಸಲು ಸಾಲ

ಲೇಸರಿನ ಕಾರ್ಯತತ್ತ್ವವನ್ನು ವಾಣಿಜ್ಯದ ಭಾಷೆಯಲ್ಲಿ ಹೇಳುವುದು ಕಷ್ಟವಲ್ಲ. ಪ್ರತಿಯೊಂದು ಉದ್ಯಮಕ್ಕೂ ಲಾಭವೂ ಇಲ್ಲದ ನಷ್ಟವೂ ಇಲ್ಲದ ಒಂದು ಬಿಂದುವಿದೆ. ಮಾರಾಟ ಅದನ್ನು ದಾಟುವವರೆಗೆ ಎಷ್ಟು ದುಡಿದರೂ ಸ್ಥಿರವೆಚ್ಚಗಳೇ ಎಲ್ಲವನ್ನೂ ನುಂಗುತ್ತವೆ. ಲೇಸರಿಗೂ ಅಂತಹ ಹೊಸ್ತಿಲೊಂದಿದೆ. ಹೊರಗಿನಿಂದ ತುಂಬುವ ಶಕ್ತಿಯು ಒಳಗಿನ ಸೋರಿಕೆಯನ್ನು ಮೀರಿದಾಗ ಮಾತ್ರ ಕಿರಣ ಹೊರಡುತ್ತದೆ. ಅಲ್ಲಿಯವರೆಗೆ ಪದರವು ಸುಮ್ಮನೆ ಮಿನುಗುತ್ತದೆ, ಬಿಸಿಯಾಗುತ್ತದೆ.

ಈ ಬಿಸಿಯೇ ಸಮಸ್ಯೆಯ ಮೂಲ. ಪದರವು ಬಿಸಿಯಾದಷ್ಟೂ ಹೊಸ್ತಿಲು ಎತ್ತರವಾಗುತ್ತದೆ. ಹೊಸ್ತಿಲು ಎತ್ತರವಾದಷ್ಟೂ ಹೆಚ್ಚು ಶಕ್ತಿಯನ್ನು ತುಂಬಬೇಕು. ಹೆಚ್ಚು ಶಕ್ತಿ ತುಂಬಿದಷ್ಟೂ ಪದರವು ಇನ್ನಷ್ಟು ಬಿಸಿಯಾಗುತ್ತದೆ. ಬಡ್ಡಿ ತೀರಿಸಲು ಸಾಲ ಮಾಡಿ, ಆ ಸಾಲದ ಬಡ್ಡಿಗೆ ಮತ್ತೊಂದು ಸಾಲ ಮಾಡುವ ವ್ಯಾಪಾರಿಯ ಸ್ಥಿತಿ ಇದು. ಎಲ್ಲ ಅರೆವಾಹಕ ಲೇಸರುಗಳಿಗೂ ಈ ತೊಂದರೆ ಇದ್ದರೂ ಪೆರೊವ್‌ಸ್ಕೈಟಿನಲ್ಲಿ ಅದು ಮಿತಿಮೀರಿದೆ. ಕಾರಣವೇನೆಂದರೆ ಈ ವಸ್ತು ಶಾಖವನ್ನು ಸಾಗಿಸುವುದರಲ್ಲಿ ಬಹಳ ಹಿಂದು. ಮೀಥೈಲ್ ಅಮೋನಿಯಂ ಲೆಡ್ ಅಯೊಡೈಡಿನ ಶಾಖವಾಹಕತೆಯು ಅಳತೆಯ ಮಾನದಲ್ಲಿ 0.5ಕ್ಕಿಂತ ಕಡಿಮೆ. ಅದೇ ಮಾನದಲ್ಲಿ ಗ್ಯಾಲಿಯಂ ಆರ್ಸೆನೈಡಿನದು ಸುಮಾರು 50, ಸಿಲಿಕಾನಿನದು ಸುಮಾರು 150, ಸಾಮಾನ್ಯ ಗಾಜಿನದು ಸುಮಾರು 1. ಗಾಜಿಗಿಂತಲೂ ಕಳಪೆ ಶಾಖವಾಹಕವನ್ನು ಗಾಜಿನ ಮೇಲೆಯೇ ಸವರಿದರೆ ಒಳಗೆ ಹುಟ್ಟಿದ ಶಾಖಕ್ಕೆ ಹೊರಹೋಗುವ ದಾರಿ ಎಲ್ಲಿಯದು?

ಅಮೆರಿಕದ ಪ್ರಿನ್ಸ್‌ಟನ್ ಹಾಗೂ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಫಲಿತಾಂಶ ಈ ದೃಷ್ಟಿಯಿಂದ ವಿಶೇಷ ಮನನಕ್ಕೆ ಅರ್ಹ. ಅಲ್ಲಿಯವರೆಗಿನ ಪೆರೊವ್‌ಸ್ಕೈಟ್ ಲೇಸರುಗಳೆಲ್ಲ ಕ್ಷಣಿಕ ಮಿಡಿತಗಳಲ್ಲಿ ಮಾತ್ರ ಬೆಳಗುತ್ತಿದ್ದವು. ನಿರಂತರವಾಗಿ ಬೆಳಗಿಸಲು ಹೊರಟರೆ ಕಿರಣವು ಕಣ್ಣೆವೆ ಇಕ್ಕುವುದಕ್ಕೂ ಬಹಳ ಮೊದಲೇ ಆರಿಹೋಗುತ್ತಿತ್ತು. ಸಂಶೋಧಕರೇ ಇದನ್ನು ಲೇಸರಿನ ಸಾವು ಎಂದು ಕರೆದರು. ಪದರವನ್ನು 160 ಕೆಲ್ವಿನ್‌ಗಿಂತ, ಅಂದರೆ ಸೊನ್ನೆಗಿಂತ 113 ಡಿಗ್ರಿ ಸೆಲ್ಷಿಯಸ್ ಕೆಳಗಿನ ಮಟ್ಟಕ್ಕಿಂತ, ಇನ್ನೂ ತಣ್ಣಗೆ ಮಾಡಿದಾಗ ಚಿತ್ರ ಬದಲಾಯಿತು. ಆ ಉಷ್ಣತೆಯ ಕೆಳಗೆ ಹರಳಿನ ವಿನ್ಯಾಸವೇ ಬೇರೆಯಾಗುತ್ತದೆ. ಸುಮಾರು 100 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 173 ಡಿಗ್ರಿ ಕೆಳಗೆ, ಶಕ್ತಿ ತುಂಬುವ ಕಿರಣವು ಬಿದ್ದೆಡೆಯಲ್ಲಿ ಹಳೆಯ ವಿನ್ಯಾಸದ ಸಣ್ಣ ಸಣ್ಣ ದ್ವೀಪಗಳು ಹೊಸ ವಿನ್ಯಾಸದ ನಡುವೆ ಮೂಡಿಕೊಂಡವು. ಕೆರೆಯ ತಗ್ಗಿಗೆ ಸುತ್ತಲಿನ ನೀರು ಹರಿದು ಸೇರುವಂತೆ ವಿದ್ಯುತ್ಕಣಗಳೆಲ್ಲ ಆ ದ್ವೀಪಗಳಿಗೆ ಹರಿದು ಸೇರಿದ್ದರಿಂದ ಹೊಸ್ತಿಲು ತಗ್ಗಿತು, ಕಿರಣವು ಒಂದು ಗಂಟೆಗೂ ಹೆಚ್ಚು ಕಾಲ ನಿಂತಿತು. ಅದಕ್ಕೆ ತುಂಬಬೇಕಾಗಿ ಬಂದ ಶಕ್ತಿ ಚದರ ಸೆಂಟಿಮೀಟರಿಗೆ ಸುಮಾರು 17 ಕಿಲೋವ್ಯಾಟ್. ನಡುಹಗಲಿನ ಬಿಸಿಲು ಅಷ್ಟೇ ಜಾಗದ ಮೇಲೆ ಸುರಿಸುವುದು ಸುಮಾರು 0.1 ವ್ಯಾಟ್. ಎಂದರೆ ಬಿಸಿಲಿನ 1,70,000 ಪಟ್ಟು!

ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಗೆಲುವು. ವೆಚ್ಚದ ದೃಷ್ಟಿಯಿಂದ ಇನ್ನೊಂದು ಕಥೆ. 100 ಡಿಗ್ರಿಯ ಫಲಕದ ಮೇಲೆ ಅಗ್ಗವಾಗಿ ಸಿದ್ಧವಾದ ಪದರವನ್ನು ಕೆಲಸ ಮಾಡಿಸಲು ಅತಿಶೀತಲ ಯಂತ್ರ, ನಿರ್ವಾತ ಕೋಷ್ಠ, ಅದನ್ನು ಬೆಳಗಿಸಲು ಇನ್ನೊಂದು ಲೇಸರ್, ಇಷ್ಟನ್ನೂ ಜೋಡಿಸಬೇಕಾಯಿತು. ಎತ್ತಿಗಿಂತ ಹಗ್ಗಕ್ಕೇ ಹೆಚ್ಚು ಬೆಲೆ ಎಂಬಂತಹ ಸ್ಥಿತಿ.

ಕೋಣೆಯ ಉಷ್ಣತೆಯತ್ತ

2020ರಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯ ಹಾಗೂ ಚೀನಾದ ಸಂಶೋಧಕರು ಜಂಟಿಯಾಗಿ ಮುಂದಿನ ಹೆಜ್ಜೆಯನ್ನಿಟ್ಟರು. ಅವರು ಆರಿಸಿಕೊಂಡ ಪದರದಲ್ಲಿ ಪೆರೊವ್‌ಸ್ಕೈಟಿನ ತೆಳುಹಾಳೆಗಳ ನಡುವೆ ದೊಡ್ಡ ಗಾತ್ರದ ಸಾವಯವ ಅಣುಗಳಿದ್ದವು. ಒಳಗೆ ಶೇಖರಗೊಂಡು ಕಿರಣವನ್ನು ಆರಿಸಿಬಿಡುವ ಒಂದು ಬಗೆಯ ಶಕ್ತಿಸ್ಥಿತಿಯನ್ನು ಈ ಅಣುಗಳೇ ಹೀರಿಕೊಳ್ಳುವಂತೆ ಮಾಡಿ, ಕೋಣೆಯ ಉಷ್ಣತೆಯಲ್ಲಿ, ತೆರೆದ ಗಾಳಿಯಲ್ಲಿ, ಹಸಿರು ಬಣ್ಣದ ನಿರಂತರ ಲೇಸರ್ ಪಡೆದರು. ಅತಿಶೀತಲ ಯಂತ್ರದ ವೆಚ್ಚ ಅಲ್ಲಿಗೆ ಹೋಯಿತು. ಆದರೆ ಪದರವನ್ನು ಬೆಳಗಿಸಲು ಇನ್ನೊಂದು ಲೇಸರ್ ಬೇಕೆಂಬುದು ಉಳಿಯಿತು.

ಆ ಕೊರತೆಯನ್ನು ನೀಗಿಸುವ ಮಹತ್ವದ ಪ್ರಯತ್ನ 2025ರಲ್ಲಿ ಪ್ರಕಟವಾಯಿತು. ಚೀನಾದ ಜೆಜಿಯಾಂಗ್ ವಿಶ್ವವಿದ್ಯಾಲಯದ ತಂಡವು ಎರಡು ಅಂತಸ್ತಿನ ಸಾಧನವೊಂದನ್ನು ರಚಿಸಿತು. ವಿದ್ಯುತ್ತು ಹಾಯಿಸಿದಾಗ ಒಂದು ಅಂತಸ್ತಿನ ಪೆರೊವ್‌ಸ್ಕೈಟ್ ದೀಪ ಬೆಳಗುತ್ತದೆ. ಆ ಬೆಳಕನ್ನು ಹೀರಿಕೊಂಡು ಇನ್ನೊಂದು ಅಂತಸ್ತಿನ ಪೆರೊವ್‌ಸ್ಕೈಟ್ ಹರಳು ಲೇಸರ್ ನೀಡುತ್ತದೆ. ಹೊರಗಿನ ಲೇಸರಿನ ಹಂಗಿಲ್ಲ. ಚದರ ಸೆಂಟಿಮೀಟರಿಗೆ 92 ಆಂಪಿಯರ್ ವಿದ್ಯುತ್ತಿನಲ್ಲಿ ಹೊಸ್ತಿಲನ್ನು ದಾಟಲಾಯಿತು. ಸೆಕೆಂಡಿಗೆ 10ರಂತೆ ಮಿಡಿತಗಳನ್ನು ಕೊಟ್ಟಾಗ ಸುಮಾರು 1.8 ಗಂಟೆಗಳಲ್ಲಿ, ಎಂದರೆ 64,000ದಷ್ಟು ಮಿಡಿತಗಳ ಬಳಿಕ, ಅದರ ಬೆಳಕು ಅರ್ಧಕ್ಕೆ ಇಳಿಯಿತು. ಬಣ್ಣ ಹಾಗೂ ಹೊಸ್ತಿಲಿನ ವಿಷಯದಲ್ಲಿ ಉತ್ತಮ ಅಂಕ ಪಡೆದ ಈ ಸಾಧನವು ಬಾಳಿಕೆಯ ವಿಷಯದಲ್ಲಿ ಕಾರ್ಖಾನೆಯ ಒಂದು ಪಾಳಿಯನ್ನೂ ಪೂರೈಸದು. ಸವಕಳಿಯ ದರವನ್ನು ವರ್ಷಕ್ಕೆ ಇಷ್ಟೆಂದು ಲೆಕ್ಕಹಾಕುವ ಪದ್ಧತಿಗೆ ಇಲ್ಲಿ ಎಡೆಯೇ ಇಲ್ಲ.

ಇದರಿಂದ ನಿರಾಶೆಗೊಳ್ಳಬೇಕೆಂದು ಅರ್ಥವಲ್ಲ. 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರಾಬರ್ಟ್ ಹಾಲ್ ಮೊದಲ ಗ್ಯಾಲಿಯಂ ಆರ್ಸೆನೈಡ್ ಲೇಸರನ್ನು ಬೆಳಗಿಸಿದಾಗ ಅದೂ ದ್ರವ ಸಾರಜನಕದ ತಂಪಿನಲ್ಲಿ, ಬರಿಯ ಮಿಡಿತಗಳಲ್ಲಿ ಕೆಲಸ ಮಾಡುತ್ತಿತ್ತು. ಕೋಣೆಯ ಉಷ್ಣತೆಯಲ್ಲಿ ಅದನ್ನು ನಿರಂತರವಾಗಿ ಬೆಳಗಿಸಲು 1970ರವರೆಗೆ ಕಾಯಬೇಕಾಯಿತು. ಆ ವರ್ಷ ಸೋವಿಯತ್ ಒಕ್ಕೂಟದ ಜೋರೆಸ್ ಅಲ್ಫೆರೊವ್ ಅವರ ತಂಡವೂ ಅಮೆರಿಕದ ಬೆಲ್ ಪ್ರಯೋಗಾಲಯದ ಹಯಾಷಿ ಮತ್ತು ಪ್ಯಾನಿಷ್ ಅವರೂ ಬೇರೆಬೇರೆಯಾಗಿ ಅದನ್ನು ಸಾಧಿಸಿದರು. ಗ್ರಾಹಕರ ಮನೆಯೊಳಗೆ ಅದು ಕಾಲಿಟ್ಟದ್ದು 1982ರಲ್ಲಿ, ಕಾಂಪ್ಯಾಕ್ಟ್ ಡಿಸ್ಕ್ ಯಂತ್ರದ ರೂಪದಲ್ಲಿ. ಪ್ರಯೋಗಾಲಯದಿಂದ ಅಂಗಡಿಗೆ ಇಪ್ಪತ್ತು ವರ್ಷ. ಪೆರೊವ್‌ಸ್ಕೈಟ್ ಲೇಸರಿನ ಲೆಕ್ಕವನ್ನು 2014ರಿಂದ ಹಿಡಿದರೆ ಅದಿನ್ನೂ ಆ ದಾರಿಯ ನಡುವಿನಲ್ಲಿದೆ.

ರಾಯಚೂರಿನ ಶೆಡ್ಡೂ ಹರಳಿನ ಸ್ವಭಾವವೂ

ಕೋಣೆಯ ಉಷ್ಣತೆ ಎಂದಾಗ ಪ್ರಯೋಗಾಲಯದವರು ಹೇಳುವುದು ಹವಾನಿಯಂತ್ರಿತ ಕೋಣೆಯ 20-25 ಡಿಗ್ರಿಯನ್ನು. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಹಗಲು 40 ಡಿಗ್ರಿಯನ್ನು ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಮುಚ್ಚಿದ ಯಂತ್ರದ ಪೆಟ್ಟಿಗೆಯೊಳಗೆ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಮೀಥೈಲ್ ಅಮೋನಿಯಂ ಲೆಡ್ ಅಯೊಡೈಡಿನ ಹರಳು ಸುಮಾರು 54 ಡಿಗ್ರಿಯಲ್ಲಿ ತನ್ನ ವಿನ್ಯಾಸವನ್ನೇ ಬದಲಿಸುತ್ತದೆ. 85 ಡಿಗ್ರಿಯಲ್ಲಿ ಬಹಳ ಹೊತ್ತು ಇಟ್ಟರೆ, ಗಾಳಿ ತೇವಗಳ ಸೋಂಕಿಲ್ಲದಿದ್ದರೂ, ಅದು ಒಡೆಯತೊಡಗುತ್ತದೆ. ಸಾವಯವ ಭಾಗವು ಅನಿಲವಾಗಿ ಹೊರಟುಹೋಗಿ ಹಳದಿ ಬಣ್ಣದ ಲೆಡ್ ಅಯೊಡೈಡ್ ಉಳಿಯುತ್ತದೆ. ದೂರಸಂಪರ್ಕದ ಬಯಲುಸಾಧನಗಳಿಗೆ ಖರೀದಿದಾರರು ಕೇಳುವ ವ್ಯಾಪ್ತಿಯೋ ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 85 ಡಿಗ್ರಿಯವರೆಗೆ. 100 ಡಿಗ್ರಿಯಲ್ಲಿ ಹತ್ತೇ ನಿಮಿಷದಲ್ಲಿ ಹುಟ್ಟುವ ಹರಳಿಗೆ 85 ಡಿಗ್ರಿಯಲ್ಲಿ ವರ್ಷಗಟ್ಟಲೆ ಬಾಳುವ ಗಟ್ಟಿತನ ಎಲ್ಲಿಂದ ಬರಬೇಕು? ಅಣುಗಳ ನಡುವಿನ ಬಂಧ ಸಡಿಲವಾಗಿರುವುದರಿಂದಲೇ ಅದು ಕಡಿಮೆ ಶಾಖದಲ್ಲಿ ರೂಪುಗೊಳ್ಳುತ್ತದೆ. ಅದೇ ಸಡಿಲತೆಯಿಂದ ಕಡಿಮೆ ಶಾಖದಲ್ಲಿಯೇ ಕೆಡುತ್ತದೆ. ತಯಾರಿಕೆಯಲ್ಲಿ ಉಳಿಸಿದ ಹಣವನ್ನು ಬಾಳಿಕೆಯಲ್ಲಿ ತೆರಬೇಕಾಗುತ್ತದೆ.

ಹಾಗಾದರೆ ಗಟ್ಟಿಯಾದ ಬಗೆಯನ್ನು ಆರಿಸಬಾರದೇಕೆ ಎಂದು ಕೇಳಬಹುದು. ಫಾರ್ಮಮಿಡಿನಿಯಂ ಲೆಡ್ ಅಯೊಡೈಡ್ ಶಾಖವನ್ನು ಹೆಚ್ಚು ತಾಳುತ್ತದೆ. ಅದರ ಉಪಯುಕ್ತವಾದ ಕಪ್ಪು ರೂಪವನ್ನು ಪಡೆಯಲು ಸುಮಾರು 150 ಡಿಗ್ರಿ ಬೇಕು, ತಣ್ಣಗಾದ ಮೇಲೆ ಅದು ನಿರುಪಯುಕ್ತವಾದ ಹಳದಿ ರೂಪಕ್ಕೆ ಹಿಂದಿರುಗುವ ಪ್ರವೃತ್ತಿಯುಳ್ಳದ್ದು. ಸೀಸಿಯಂ ಲೆಡ್ ಅಯೊಡೈಡಿನ ಕಪ್ಪು ರೂಪಕ್ಕೆ 300 ಡಿಗ್ರಿಗೂ ಮಿಗಿಲಾದ ಉಷ್ಣತೆ ಬೇಕು. ಸೀಸಿಯಂ ಲೆಡ್ ಬ್ರೋಮೈಡ್ ಇವೆಲ್ಲಕ್ಕಿಂತ ಗಟ್ಟಿ, 500 ಡಿಗ್ರಿಯನ್ನು ದಾಟಿದ ಮೇಲೆಯೇ ಕರಗುವಂಥದು. ಆದರೆ ಸೀಸಿಯಂ ಬ್ರೋಮೈಡ್ ಪುಡಿಯು ವಾಡಿಕೆಯ ದ್ರಾವಕದಲ್ಲಿ ಚೆನ್ನಾಗಿ ಕರಗದು. ಅದಕ್ಕೆ ನಿರ್ವಾತ ಕೋಷ್ಠ ಅಥವಾ ಬಿಸಿ ಒತ್ತುಯಂತ್ರ ಬೇಕಾಗುತ್ತದೆ. ತಾಳಿಕೆಯ ಮೆಟ್ಟಿಲನ್ನು ಒಂದೊಂದೇ ಏರಿದಂತೆ ತಯಾರಿಕೆಯ ವೆಚ್ಚವೂ ಜೊತೆಗೇ ಮೆಟ್ಟಿಲು ಏರುತ್ತದೆ.

ಬಣ್ಣ ಬೆರೆಸುವ ಅನುಕೂಲಕ್ಕೂ ಒಂದು ತಗಾದೆ ಇದೆ. ಅಯೊಡಿನ್ ಮತ್ತು ಬ್ರೋಮಿನ್ ಬೆರೆಸಿದ ಪದರದ ಮೇಲೆ ಬೆಳಕು ಬಿದ್ದೊಡನೆ ಅವೆರಡೂ ಬೇರ್ಪಟ್ಟು ಬೇರೆಬೇರೆ ಗುಂಪುಗಳಾಗುವ ಪ್ರವೃತ್ತಿಯಿರುವುದು 2015ರಲ್ಲಿಯೇ ಕಂಡುಬಂದಿತು. ಆಗ ಬಣ್ಣ ಕೆಂಪಿನ ಕಡೆಗೆ ಜಾರುತ್ತದೆ. ಬೆಳಕನ್ನೇ ಉತ್ಪಾದಿಸಬೇಕಾದ ಸಾಧನವು ಬೆಳಕಿಗೇ ಬೆದರಿದರೆ ಹೇಗೆ?

ಶಾಖವನ್ನು ಹೊರಹಾಕುವ ಉಪಾಯಗಳು ಇಲ್ಲದೆ ಇಲ್ಲ. ಗಾಜಿನ ಬದಲು ನೀಲಮಣಿಯ ಫಲಕ, ಸಿಲಿಕಾನ್ ಅಥವಾ ವಜ್ರದ ಮೇಲೆ ಪದರವನ್ನು ಸವರಬಹುದು. ಪದರವು ಕೆಲವೇ ನೂರು ನ್ಯಾನೋಮೀಟರ್ ದಪ್ಪವಾಗಿರುವುದರಿಂದ ಕೆಳಗಿನ ಫಲಕ ಒಳ್ಳೆಯ ವಾಹಕವಾಗಿದ್ದರೆ ಶಾಖ ಬೇಗ ಇಳಿದುಹೋಗುತ್ತದೆ. ಮೇಲೆ ತೇವ ತಗುಲದಂತೆ ಮೊಹರು ಹಾಕಬೇಕು. ಇವೆಲ್ಲವನ್ನೂ ಕೂಡಿಸಿದಾಗ ಸಾಧನದ ಒಟ್ಟು ಬೆಲೆಯಲ್ಲಿ ಪೆರೊವ್‌ಸ್ಕೈಟಿನ ಪಾಲು ತೀರ ಅಲ್ಪ. ಕಚ್ಚಾಸಾಮಗ್ರಿ ಅಗ್ಗವೆಂಬ ಒಂದೇ ಕಾರಣದಿಂದ ಸಿದ್ಧವಸ್ತುವೂ ಅಗ್ಗವಾದೀತೆಂಬ ನಿರೀಕ್ಷೆಗೆ ಆಧಾರವಿಲ್ಲ.

ಹೂಡಿಕೆಗೆ ಮುನ್ನ

ಈ ಕ್ಷೇತ್ರದ ಪ್ರಸ್ತಾಪವನ್ನು ಹೊತ್ತು ಯಾರಾದರೂ ಬಂದಾಗ ಉದ್ದಿಮೆದಾರರು ನಾಲ್ಕು ಸಂಗತಿಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವುದು ಒಳಿತು. ತೋರಿಸಿದ ಕಿರಣವು ಎಷ್ಟು ಡಿಗ್ರಿ ಉಷ್ಣತೆಯಲ್ಲಿ ಹೊರಟಿತು? ಮಿಡಿತಗಳಲ್ಲೋ ನಿರಂತರವಾಗಿಯೋ? ಅದಕ್ಕೆ ಶಕ್ತಿ ತುಂಬಿದ್ದು ವಿದ್ಯುತ್ತೋ ಇನ್ನೊಂದು ಲೇಸರೋ? ಬೆಳಕು ಅರ್ಧಕ್ಕಿಳಿಯಲು ಹಿಡಿದ ಕಾಲವೆಷ್ಟು? ಸೌರಫಲಕದ ದಕ್ಷತೆಯ ಅಂಕಿಗಳನ್ನು ತೋರಿಸಿ ಲೇಸರಿಗೆ ಹಣ ಕೇಳುವವರೂ ಇದ್ದಾರು. ಪೆರೊವ್‌ಸ್ಕೈಟ್ ಸೇರಿದ ಸೌರಫಲಕಗಳು 2024ರಲ್ಲಿ ಮಾರುಕಟ್ಟೆಯನ್ನು ಪ್ರವೇಶಿಸಿರುವುದು ನಿಜ. ಆದರೆ ಸೌರಫಲಕವು ತಾಳಬೇಕಾದ ಬೆಳಕಿಗೂ ಲೇಸರ್ ಪದರವು ತಾಳಬೇಕಾದ ಬೆಳಕಿಗೂ ಇರುವ ಅಂತರವನ್ನು ಮೇಲಿನ ಲೆಕ್ಕವೇ ತಿಳಿಸುತ್ತದೆ.

ಸೀಸದ ಪ್ರಶ್ನೆಯನ್ನೂ ಬದಿಗಿಡುವಂತಿಲ್ಲ. ಮೀಥೈಲ್ ಅಮೋನಿಯಂ ಲೆಡ್ ಅಯೊಡೈಡಿನ ತೂಕದಲ್ಲಿ ಮೂರರಲ್ಲೊಂದು ಪಾಲು ಸೀಸ. ಐರೋಪ್ಯ ಒಕ್ಕೂಟದಲ್ಲಿ 2006ರಿಂದ ಜಾರಿಯಲ್ಲಿರುವ ಅಪಾಯಕಾರಿ ವಸ್ತುಗಳ ನಿರ್ಬಂಧವು ವಿದ್ಯುನ್ಮಾನ ಉಪಕರಣದ ಪ್ರತಿಯೊಂದು ಏಕರೂಪ ವಸ್ತುವಿನಲ್ಲಿ ಶೇಕಡಾ 0.1ರಷ್ಟು ಸೀಸವನ್ನು ಮಾತ್ರ ಒಪ್ಪುತ್ತದೆ. ನಮ್ಮ ದೇಶದ 2022ರ ಇ-ತ್ಯಾಜ್ಯ ನಿಯಮಗಳಲ್ಲಿಯೂ ಮಿತಿ ಅದೇ. ಇಡೀ ಯಂತ್ರದ ತೂಕದಲ್ಲಿ ಸೀಸ ಕಣದಷ್ಟಿದೆ ಎಂಬ ವಾದ ಇಲ್ಲಿ ನಡೆಯದು, ಏಕೆಂದರೆ ಎಣಿಕೆ ಪದರದ್ದು. ಐರೋಪ್ಯ ನಿಯಮದಲ್ಲಿ ಸ್ಥಿರವಾಗಿ ಅಳವಡಿಸುವ ಸೌರಫಲಕಗಳಿಗೆ ಹೊರತು ನೀಡಲಾಗಿದೆ. ಲೇಸರಿಗೂ ಅದು ತಾನಾಗಿ ಅನ್ವಯಿಸುತ್ತದೆಂದು ರಫ್ತುದಾರರು ಭಾವಿಸಬಾರದು. ಸೀಸದ ಬದಲು ತವರವನ್ನು ಬಳಸುವ ಪ್ರಯತ್ನಗಳಿವೆ. ತವರದ ಪದರ ಗಾಳಿಗೆ ಇನ್ನೂ ಬೇಗ ಕೆಡುತ್ತದೆ.

ಲೆಕ್ಕಪತ್ರದಲ್ಲಿ ಈ ವೆಚ್ಚವನ್ನು ತೋರಿಸುವ ಬಗೆಯಲ್ಲಿಯೂ ಎಚ್ಚರ ಬೇಕು. ಅಗೋಚರ ಆಸ್ತಿಗಳಿಗೆ ಸಂಬಂಧಿಸಿದ 26ನೆಯ ಲೆಕ್ಕಪತ್ರ ಮಾನಕದ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಲಾಭನಷ್ಟ ತಖ್ತೆಗೆ ಹಾಕಬೇಕೇ ಹೊರತು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಅಭಿವೃದ್ಧಿ ಹಂತದ ವೆಚ್ಚವನ್ನು ಆಸ್ತಿಯಾಗಿ ಪರಿಗಣಿಸಲು ತಾಂತ್ರಿಕ ಸಾಧ್ಯತೆ, ಮುಂದೆ ಬರಬಹುದಾದ ಲಾಭ ಮುಂತಾದವನ್ನು ರುಜುವಾತುಪಡಿಸಬೇಕು. ಎರಡು ಗಂಟೆಯ ಬಾಳಿಕೆಯ ಸಾಧನವನ್ನು ಮುಂದಿಟ್ಟುಕೊಂಡು ಈ ರುಜುವಾತನ್ನು ಒದಗಿಸುವುದು ಸುಲಭವಲ್ಲ.

ಬಾಳಿಕೆ ಕಡಿಮೆಯಾದರೂ ನಡೆಯುವ ಉಪಯೋಗಗಳಿವೆ ಎಂಬುದನ್ನು ಹೇಳದಿದ್ದರೆ ಚಿತ್ರ ಅಪೂರ್ಣವಾದೀತು. ಒಮ್ಮೆ ಬಳಸಿ ಎಸೆಯುವ ತಪಾಸಣಾ ಪಟ್ಟಿಗಳಲ್ಲಿ, ಕೆಲವೇ ಮಿಡಿತಗಳು ಸಾಕಾಗುವ ಸಂವೇದಕಗಳಲ್ಲಿ ಬೆಳಕಿನಿಂದ ಬೆಳಗಿಸುವ ಅಗ್ಗದ ಪದರಕ್ಕೆ ಜಾಗ ಸಿಗಬಹುದು. ತಗಡು ಕತ್ತರಿಸುವ ಯಂತ್ರದೊಳಕ್ಕೆ ಮಾತ್ರ ಅದು ಸದ್ಯಕ್ಕೆ ಬರುವ ಸಂಭವ ಕಾಣದು.

ಸಣ್ಣ ಉದ್ದಿಮೆದಾರರಿಗೆ ಇಂದೇ ಕೈಗೆಟಕುವ ವ್ಯವಹಾರವಿರುವುದು ಪದರದಲ್ಲಲ್ಲ, ಪದರವನ್ನು ತಯಾರಿಸುವ ಸಲಕರಣೆಗಳಲ್ಲಿ. ದೇವರು ವರ ಕೊಡಲಿ ಬಿಡಲಿ, ಜಾತ್ರೆಯಲ್ಲಿ ಹಣ್ಣುಕಾಯಿ ಮಾರುವವನ ವ್ಯಾಪಾರ ನಿಲ್ಲುವುದಿಲ್ಲ. ಗಾಜನ್ನು ಸುತ್ತಿಸುವ ಲೇಪನ ಯಂತ್ರ, ಒಂದು ಡಿಗ್ರಿಯೂ ಏರುಪೇರಾಗದ ಬಿಸಿ ಫಲಕ, ನುಣುಪಾದ ಬಿಸಿ ಒತ್ತುಯಂತ್ರ, ಸಾರಜನಕದ ಪೆಟ್ಟಿಗೆ ಇವೆಲ್ಲ ಸೌರಕೋಶದ ಸಂಶೋಧನೆಗೂ ಬೇಕಾದವು. ತೇವಾಂಶವನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇರಿಸುವ ಪೆಟ್ಟಿಗೆಯ ಬೆಸುಗೆ ಹಾಗೂ ಮೊಹರಿನ ಕೆಲಸವು, ಔಷಧ ಮತ್ತು ಹೈನು ಉದ್ಯಮಗಳಿಗೆ ತುಕ್ಕುರಹಿತ ಉಕ್ಕಿನ ತೊಟ್ಟಿಗಳನ್ನು ಮಾಡಿಕೊಡುವವರಿಗೆ ತೀರ ಅಪರಿಚಿತವೇನಲ್ಲ. ಖರೀದಿದಾರರು ಬಹುಮಟ್ಟಿಗೆ ಸಂಶೋಧನಾ ಸಂಸ್ಥೆಗಳಾದ್ದರಿಂದ ಹಣ ಬರುವುದು ನಿಧಾನವಾಗಬಹುದು. ಸರಬರಾಜಿಗೆ ಮುನ್ನವೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ರಕ್ಷಣೆಯಿದೆ: ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟಿನಂತೆ ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ ಸಲ್ಲುತ್ತದೆ.